ಅಮೆರಿಕದಲ್ಲಿ ಹುಟ್ಟಿದ ವಿಡಿಯೋ ಗೇಮ್ ಜಪಾನಿನ ಪಾಲಾಗಿದ್ದು ಹೇಗೆ?

ಹಳೆಯ ಗೇಮ್ ಯಂತ್ರಗಳ ಹುಚ್ಚು ನನಗಿದೆ ಅಂತ ಗೊತ್ತಿರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಟಿವಿಗೆ ಜೋಡಿಸಿ ಆಡುವ ಮೊದಲ ಯಂತ್ರ ಮ್ಯಾಗ್ನವಾಕ್ಸ್ ಒಡಿಸ್ಸಿ ಬಂದಿದ್ದು 1972ರಲ್ಲಿ, ಅಮೆರಿಕದಲ್ಲಿ. ಗೇಮ್ ಕಂಪನಿ ಅಟಾರಿಯೂ ಅಲ್ಲಿಯದೇ. ಹಾಗಿದ್ದರೆ 1980ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಮನೆಮನೆಯಲ್ಲೂ ಜಪಾನಿನ ನಿಂಟೆಂಡೊ ಕೂತಿದ್ದು ಹೇಗೆ?

ಎಲ್ಲ ಕಡೆ ಓಡಾಡುವ ಉತ್ತರ ಒಂದಿದೆ. 1982ರ ಕ್ರಿಸ್‌ಮಸ್‌ಗೆ ಅಟಾರಿ ‘ಇ.ಟಿ.’ ಎಂಬ ಕೆಟ್ಟ ಗೇಮ್ ತಂದಿತು, ಅದು ಬಿಕರಿಯಾಗಲಿಲ್ಲ, ರಾಶಿ ರಾಶಿ ಕಾರ್ಟ್ರಿಡ್ಜ್‌ಗಳನ್ನು (ನಾವು ಕ್ಯಾಸೆಟ್ ಅನ್ನುವ ಗೇಮ್ ಡಬ್ಬಿಗಳನ್ನು) ಮರುಭೂಮಿಯಲ್ಲಿ ಹೂತರು, ಇಡೀ ಉದ್ಯಮ ಮುಳುಗಿತು. ಹೂತಿದ್ದು ನಿಜ. ನ್ಯೂ ಮೆಕ್ಸಿಕೋದ ಅಲಮೊಗಾರ್ಡೊದಲ್ಲಿ 2014ರಲ್ಲಿ ಅಗೆದೂ ನೋಡಿದರು. ಅಲ್ಲಿ ಇ.ಟಿ. ಜೊತೆಗೆ ಅಟಾರಿಯ ಬೇರೆ ಹಲವು ಗೇಮ್‌ಗಳೂ ಸಿಕ್ಕವು. ಇ.ಟಿ. ಗೇಮ್ ಬರೆದ ಹೋವರ್ಡ್ ಸ್ಕಾಟ್ ವಾರ್ಷಾಗೆ ಕೊಟ್ಟಿದ್ದೇ ಐದು ವಾರ. ಒಂದು ಉದ್ಯಮ ಮುಳುಗಿದ್ದರ ಪಾಪವನ್ನೆಲ್ಲ ಆ ಒಬ್ಬ ಮನುಷ್ಯನ ತಲೆಗೆ ಕಟ್ಟುವುದು ಅನ್ಯಾಯ.

ನನ್ನ ಉತ್ತರ ಬೇರೆ. ತನ್ನ ಯಂತ್ರಕ್ಕೆ ಯಾರು ಗೇಮ್ ಮಾಡಬಹುದು ಅನ್ನೋದು ಅಟಾರಿಯ ಕೈಯಲ್ಲಿ ಇರಲಿಲ್ಲ. ನಿಂಟೆಂಡೊ ಆ ಹಿಡಿತವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

1979ರಲ್ಲಿ ಅಟಾರಿಯ ನಾಲ್ವರು ಒಳ್ಳೆಯ ಪ್ರೋಗ್ರಾಮರ್‌ಗಳು ಕೆಲಸ ಬಿಟ್ಟು ಹೊರಬಂದರು. ಗೇಮ್ ಮೇಲೆ ಅವರ ಹೆಸರು ಇರುತ್ತಿರಲಿಲ್ಲ, ಮಾರಾಟದಲ್ಲಿ ಪಾಲೂ ಸಿಗುತ್ತಿರಲಿಲ್ಲ. ಅವರು ಸೇರಿಕೊಂಡು ಕಟ್ಟಿದ ಕಂಪನಿಯೇ ಆಕ್ಟಿವಿಷನ್. ಅಟಾರಿ ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಯಿತು. ಅಲ್ಲಿಗೆ ದಾರಿ ಎಲ್ಲರಿಗೂ ತೆರೆದ ಹಾಗಾಯಿತು. ಓಟ್ಸ್ ಮಾರುವ ಕ್ವೇಕರ್ ಕಂಪನಿ ಕೂಡ ಗೇಮ್ ಮಾರಲು ಇಳಿಯಿತು! ಅಂಗಡಿಗಳಲ್ಲಿ ಸರಕು ತುಂಬಿ ತುಳುಕಿತು. 30 ಡಾಲರ್‌ನ ಕಾರ್ಟ್ರಿಡ್ಜ್ 5 ಡಾಲರ್‌ಗೆ ಇಳಿಯಿತು. ಅದೇ ಹೊತ್ತಿಗೆ ಕಮೊಡೋರ್ 64 ಕಂಪ್ಯೂಟರ್‌ನ ಬೆಲೆ 595 ಡಾಲರ್‌ನಿಂದ ಸುಮಾರು 200ಕ್ಕೆ ಬಂತು. ಆಟಕ್ಕೂ ಆಗುತ್ತೆ, ಮಕ್ಕಳ ಓದಿಗೂ ಆಗುತ್ತೆ ಅಂದ ಮೇಲೆ ಬರೀ ಆಟದ ಯಂತ್ರ ಯಾಕೆ ಬೇಕು ಅಂತ ಅಪ್ಪ ಅಮ್ಮಂದಿರಿಗೆ ಅನಿಸಿದ್ದು ಸಹಜ ಅಲ್ವಾ?

ಜಪಾನಿನಲ್ಲಿ ಈ ಕುಸಿತ ಆಗಲೇ ಇಲ್ಲ. 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ನಿಂಟೆಂಡೊ ತನ್ನ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರದ ಮಾರಾಟ ಶುರು ಮಾಡಿತು. ಅದರ ಕೆಲಸ ಅಮೆರಿಕದ ಕುಸಿತಕ್ಕಿಂತ ಮೊದಲೇ ನಡೆದಿತ್ತು. ಹಾಗಾಗಿ ಬಿದ್ದವರ ಜಾಗಕ್ಕೆ ಜಪಾನ್ ಸುಮ್ನೆ ಬಂದು ಕೂತಿತು ಅನ್ನೋ ಮಾತು ನಿಲ್ಲುವುದಿಲ್ಲ.

ಅಟಾರಿಯ ಯಂತ್ರ, ಫ್ಯಾಮಿಕಾಮ್ ಎರಡರ ಒಳಗೂ ಒಮ್ಮೆ ಇಣುಕಿ ನೋಡಿ. ಅಟಾರಿಯ 1977ರ ಯಂತ್ರ ವಿಸಿಎಸ್‌ನಲ್ಲಿ ಇದ್ದ ಮೆಮೊರಿ ಬರೀ 128 ಬೈಟ್. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡಲು ಈಗ ನಾವು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಹತ್ತು ಪದಗಳ ಒಂದು ಕನ್ನಡ ವಾಕ್ಯ ಕೂಡ ಅಷ್ಟರಲ್ಲಿ ಹಿಡಿಸೋದು ಕಷ್ಟ. ಚಿತ್ರವನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲ. ಟಿವಿಯ ಕಿರಣ ಒಂದೊಂದು ಗೆರೆ ಎಳೆಯುವಾಗಲೂ ಆ ಗೆರೆಯಲ್ಲಿ ಏನಿರಬೇಕು ಅನ್ನೋದನ್ನು ಪ್ರೋಗ್ರಾಮ್ ಆ ಕ್ಷಣದಲ್ಲೇ ಹೇಳಬೇಕು. ಸ್ವಲ್ಪ ತಡವಾದರೂ ಚಿತ್ರ ಕೆಡುತ್ತದೆ. ಇಂಥದ್ದರಲ್ಲಿ ಗೇಮ್ ಬರೆದವರ ಬಗ್ಗೆ ನನಗೆ ಅಪಾರ ಗೌರವ.

ಫ್ಯಾಮಿಕಾಮ್ ರೂಪಿಸಿದ ಮಸಯುಕಿ ಉಯೆಮುರಾ ಚಿತ್ರಕ್ಕಂತಲೇ ಒಂದು ಬೇರೆ ಚಿಪ್ ಇಟ್ಟರು. ಪರದೆಯ ಮೇಲೆ 64 ಸಣ್ಣ ಚಿತ್ರಗಳನ್ನು ಅದೇ ಓಡಿಸುತ್ತದೆ, ಹಿನ್ನೆಲೆಯನ್ನು ನಯವಾಗಿ ಪಕ್ಕಕ್ಕೆ ಸರಿಸುತ್ತದೆ. ಮಾರಿಯೋ ಓಡುತ್ತಾ ಹೋದಂತೆ ಲೋಕ ಹಿಂದಕ್ಕೆ ಸರಿಯುತ್ತದಲ್ಲ, ಅದು ಈ ಚಿಪ್‌ನ ಕೆಲಸ. ಮುಖ್ಯ ಪ್ರೊಸೆಸರ್ ಮಾತ್ರ ಅಮೆರಿಕದ 6502 ಚಿಪ್‌ನ ಆಧಾರದ ಮೇಲೆ ರಿಕೋ ಕಂಪನಿ ಮಾಡಿದ್ದು. ಅದೇ 6502 ಕುಟುಂಬದ ಚಿಪ್‌ಗಳು ಆಪಲ್ 2, ಕಮೊಡೋರ್ 64, ಅಟಾರಿ ವಿಸಿಎಸ್ ಮೂರರಲ್ಲೂ ಇದ್ದವು. ಮುಂದೆ ನಿಂಟೆಂಡೊದ ಅಧ್ಯಕ್ಷರಾದ ಸತೋರು ಇವಾಟಾ ಈ ಚಿಪ್ ಕಲಿತಿದ್ದು ಕಮೊಡೋರ್ ಪೆಟ್ ಎಂಬ ಅಮೆರಿಕದ ಕಂಪ್ಯೂಟರ್‌ನಲ್ಲಿ. ಒಂದು ದೇಶ ಇನ್ನೊಂದರ ಕೈಯಿಂದ ಕಿತ್ತುಕೊಂಡಿತು ಅನ್ನೋ ಮಾತು ನನಗೆ ಒಗ್ಗದಿರುವುದು ಇದಕ್ಕೇ.

1985ರ ಅಕ್ಟೋಬರ್‌ನಲ್ಲಿ ನಿಂಟೆಂಡೊ ಅದೇ ಫ್ಯಾಮಿಕಾಮ್‌ನ ಅಮೆರಿಕದ ರೂಪ ಹಿಡಿದು ನ್ಯೂಯಾರ್ಕಿಗೆ ಬಂತು. ಕೈ ಸುಟ್ಟುಕೊಂಡಿದ್ದ ಅಂಗಡಿಯವರು ವಿಡಿಯೋ ಗೇಮ್ ಅಂದರೆ ಬೆಚ್ಚಿಬೀಳುತ್ತಿದ್ದರು. ಅದಕ್ಕೇ ಯಂತ್ರಕ್ಕೆ ವಿಸಿಆರ್‌ನಂಥ ರೂಪ ಕೊಟ್ಟರು, ಜೊತೆಗೊಂದು ಆಟಿಕೆ ರೋಬೋ ಇಟ್ಟರು. ಮಾರದೆ ಉಳಿದದ್ದನ್ನು ವಾಪಸ್ ತಗೊಳ್ಳುತ್ತೇವೆ ಅಂದರು. ಎಲ್ಲಕ್ಕಿಂತ ಮುಖ್ಯವಾದದ್ದು ಒಳಗಿದ್ದ ಬೀಗದ ಚಿಪ್. ಕಾರ್ಟ್ರಿಡ್ಜ್‌ನಲ್ಲಿ ಅದರ ಜೋಡಿ ಇಲ್ಲದಿದ್ದರೆ ಗೇಮ್ ನಡೆಯುವುದೇ ಇಲ್ಲ. ಬೇರೆ ಕಂಪನಿಗಳು ವರ್ಷಕ್ಕೆ ಐದೇ ಗೇಮ್ ತರಬಹುದಿತ್ತು, ಕಾರ್ಟ್ರಿಡ್ಜ್ ಮಾಡಿಕೊಡೋದೂ ನಿಂಟೆಂಡೊನೇ. ಗೇಮ್ ಮಾಡುವವರಿಗೆ ಇದು ಉಸಿರುಗಟ್ಟಿಸುವ ಕಟ್ಟುಪಾಡು, ನನಗೂ ಇಷ್ಟವಿಲ್ಲ. ಆದರೆ ಇದಿಲ್ಲದಿದ್ದರೆ ಆ ಅಂಗಡಿಯವರ ನಂಬಿಕೆ ಅಷ್ಟು ಬೇಗ ಮರಳುತ್ತಿರಲಿಲ್ಲ.

ಕಂಪ್ಯೂಟರ್ ಕಥೆ ಮಾತ್ರ ಉಲ್ಟಾ. ಜಪಾನಿನವರಿಗೆ ಸಾವಿರಾರು ಕಾಂಜಿ (ಚೀನೀ ಮೂಲದ) ಅಕ್ಷರಗಳು ಪರದೆ ಮೇಲೆ ಸ್ಪಷ್ಟವಾಗಿ ಮೂಡಬೇಕಿತ್ತು. ಎನ್‌ಇಸಿ ಕಂಪನಿಯ 1982ರ ಕಂಪ್ಯೂಟರ್ ಪಿಸಿ-9801 ಅದನ್ನು ಚೆನ್ನಾಗಿ ಮಾಡಿತು, ವರ್ಷಗಟ್ಟಲೆ ಆ ದೇಶವನ್ನು ಆಳಿತು, ಹೊರಗೆ ಹೆಚ್ಚಾಗಿ ಹೋಗಲೇ ಇಲ್ಲ. 1990ರಲ್ಲಿ ಐಬಿಎಂ ಜಪಾನ್ ತಂದ ಡಾಸ್/ವಿ ಎಂಬ ತಂತ್ರಾಂಶ ಯಾವ ವಿಶೇಷ ಚಿಪ್ಪೂ ಇಲ್ಲದೆ ಸಾಮಾನ್ಯ ಪಿಸಿಯಲ್ಲೇ ಕಾಂಜಿ ತೋರಿಸಿತು. ಎನ್‌ಇಸಿಯ ಕೋಟೆ ಬಿರುಕು ಬಿಡಲು ಶುರುವಾಗಿದ್ದು ಅಲ್ಲಿಂದ.

ಇನ್ನು ನಮ್ಮ ಕಡೆಯವರು ಕೇಳುವ ಇನ್ನೊಂದು ಮಾತು: 90ರ ದಶಕದಲ್ಲಿ ನಾವು ಕ್ಯಾಸೆಟ್ ಹಾಕಿ ಕಾಂಟ್ರಾ, ಮಾರಿಯೋ ಆಡಿದ ಅಗ್ಗದ ಯಂತ್ರಗಳು ಯಾವುವು? ಅವು ಫ್ಯಾಮಿಕಾಮ್‌ನ ನಕಲುಗಳು. ಬೀಗದ ಚಿಪ್ ಇದ್ದಿದ್ದು ಅಮೆರಿಕ, ಯುರೋಪಿಗೆ ಹೋದ ಯಂತ್ರಗಳಲ್ಲಿ. ಜಪಾನಿನ ಮೂಲ ಫ್ಯಾಮಿಕಾಮ್‌ನಲ್ಲಿ ಅದು ಇರಲಿಲ್ಲ. ನಕಲು ಮಾಡಿದವರು ಆ ಜಪಾನಿ ವಿನ್ಯಾಸವನ್ನೇ ಹಿಡಿದರು, ಅದಕ್ಕೇ ಒಂದೇ ಕ್ಯಾಸೆಟ್‌ನಲ್ಲಿ ಹತ್ತಾರು ಗೇಮ್ ತುಂಬಿ ಮಾರಿದರೂ ತಡೆಯುವ ಬೀಗ ಅದರೊಳಗೆ ಇರಲಿಲ್ಲ.