ಜೇಮ್ಸ್ ಬೇಕೆಂದೇ ಸೋತನೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಅಮೆರಿಕದ ಟಿವಿ ಕ್ವಿಜ್ ಜೆಪರ್ಡಿಯನ್ನು ನಾನು ತಪ್ಪದೆ ನೋಡುತ್ತೇನೆಂದು ಗೊತ್ತಾದ ಕೂಡಲೇ ಅಮೆರಿಕದ ಗೆಳೆಯರೂ ಊರಿನಿಂದ ಬಂದ ನೆಂಟರೂ ಕೇಳುವ ಪ್ರಶ್ನೆ ಒಂದೇ: ‘ಆ ಜೇಮ್ಸ್ ಹೋಲ್ಜ್‌ಹವರ್ ಕೊನೆಯ ದಿನ ಬೇಕೆಂದೇ ಸೋತನಲ್ಲವೇ?’ ಕೇಳುವವರ ಮುಖದಲ್ಲೇ ಉತ್ತರವೂ ಇರುತ್ತದೆ. ಲಾಸ್ ವೇಗಸ್‌ನಲ್ಲಿ ಕ್ರೀಡಾ ಬಾಜಿಯನ್ನೇ ವೃತ್ತಿ ಮಾಡಿಕೊಂಡ ಮನುಷ್ಯ, 32 ಆಟ ಗೆದ್ದವರು, ದಿನವೂ ಹತ್ತಾರು ಸಾವಿರ ಡಾಲರ್ ಪಣಕ್ಕಿಟ್ಟವರು. ಅಂಥವರು ಕೈಯಲ್ಲಿ 23,400 ಡಾಲರ್ ಇದ್ದಾಗ ಬರೀ 1,399 ಇಟ್ಟರೆ ಯಾರಿಗಾದರೂ ಅನುಮಾನ ಬಂದೀತು.

ಇಲ್ಲ, ಅವರು ಬೇಕೆಂದು ಸೋಲಲಿಲ್ಲ. ಆ 1,399 ಅವರು ಇಟ್ಟ ಪಣಗಳಲ್ಲೆಲ್ಲ ಅಚ್ಚುಕಟ್ಟಾದದ್ದು ಎಂದು ನಾನು ವಾದಿಸುತ್ತೇನೆ. ಸ್ವಲ್ಪ ಕೂಡುವುದು ಕಳೆಯುವುದು ಇರುತ್ತದೆ, ಸಹಿಸಿಕೊಳ್ಳಿ.

ನಮ್ಮ ಕಡೆಯ ಕ್ವಿಜ್‌ಗಳನ್ನು ನೋಡಿ ಬೆಳೆದವರಿಗೆ ಈ ಆಟ ಮೊದಲಿಗೆ ಒಗ್ಗುವುದಿಲ್ಲ. ‘ಥಟ್ ಅಂತ ಹೇಳಿ’ಯಲ್ಲಿ ಉತ್ತರ ಗೊತ್ತಿದ್ದರೆ ಪುಸ್ತಕ ಬರುತ್ತದೆ, ಗೊತ್ತಿಲ್ಲದಿದ್ದರೆ ಇಲ್ಲ; ಪಣದ ಮಾತೇ ಇಲ್ಲ. ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ಅಪಾಯವಿದೆ, ಆದರೆ ಅದು ಸ್ಪರ್ಧಿಗೂ ಪ್ರಶ್ನೆಗೂ ನಡುವಿನ ವ್ಯವಹಾರ. ಧೈರ್ಯ ಸಾಲದಿದ್ದರೆ ಗೆದ್ದಷ್ಟನ್ನು ಹಿಡಿದು ಎದ್ದು ಹೋಗಬಹುದು. ಜೆಪರ್ಡಿಯಲ್ಲಿ ಎದ್ದು ಹೋಗುವಂತಿಲ್ಲ. ಮೂವರು ಸ್ಪರ್ಧಿಗಳು. ಮೊದಲೆರಡು ಸುತ್ತುಗಳಲ್ಲಿ ಬಜರ್ ಒತ್ತಿ ಹಣ ಕೂಡಿಸುತ್ತಾರೆ. ಅಲ್ಲಲ್ಲಿ ಅವಿತಿರುವ ಡೇಲಿ ಡಬಲ್ ಸಿಕ್ಕಿದವರು ತಮ್ಮ ಹತ್ತಿರ ಇರುವ ಹಣದಲ್ಲಿ ಬೇಕಾದಷ್ಟು ಪಣ ಇಡಬಹುದು. ಕೊನೆಯದು ಫೈನಲ್ ಜೆಪರ್ಡಿ. ಅಲ್ಲಿ ಮೊದಲು ವಿಷಯ ಮಾತ್ರ ತೋರಿಸುತ್ತಾರೆ, ಮೂವರೂ ಗುಟ್ಟಾಗಿ ಪಣ ಬರೆಯುತ್ತಾರೆ, ಆಮೇಲೆ ಸುಳಿವು ಬರುತ್ತದೆ, ಬರೆಯಲು 30 ಸೆಕೆಂಡು. ಗೆದ್ದವರು ತಮ್ಮ ಹಣವನ್ನೆಲ್ಲ ಒಯ್ದು ಮುಂದಿನ ಆಟಕ್ಕೂ ಬರುತ್ತಾರೆ. ಎರಡನೆಯವರು ಆಟದಲ್ಲಿ 40,000 ಕೂಡಿಸಿದ್ದರೂ ಆಗಿನ ನಿಯಮದಂತೆ ಸಿಗುತ್ತಿದ್ದದ್ದು 2,000 ಡಾಲರ್, ಮೂರನೆಯವರಿಗೆ 1,000.

ಪಣದ ಲೆಕ್ಕವೆಲ್ಲ ಹುಟ್ಟುವುದು ಈ ಕೊನೆಯ ನಿಯಮದಿಂದ. ಹಣ ಹೆಚ್ಚಿಸಿಕೊಳ್ಳುವುದು ಇಲ್ಲಿ ಗುರಿಯೇ ಅಲ್ಲ. ಪಕ್ಕದವರಿಗಿಂತ ಒಂದು ಡಾಲರ್ ಮುಂದಿರುವುದು ಗುರಿ. ಆದ್ದರಿಂದ ‘ನನಗೆ ಈ ವಿಷಯ ಎಷ್ಟು ಗೊತ್ತು?’ ಎನ್ನುವುದಕ್ಕಿಂತ ‘ಅವರ ಹತ್ತಿರ ಎಷ್ಟಿದೆ?’ ಎನ್ನುವುದು ದೊಡ್ಡ ಪ್ರಶ್ನೆ.

ಈಗ 2019ರ ಜೂನ್ 3ರಂದು ಪ್ರಸಾರವಾದ ಆಟಕ್ಕೆ ಬರೋಣ. ಎರಡು ಸುತ್ತು ಮುಗಿದಾಗ ಎಮಾ ಬೆಟ್ಚರ್ ಹತ್ತಿರ 26,600, ಜೇಮ್ಸ್ ಹತ್ತಿರ 23,400, ಮೂರನೆಯ ಸ್ಪರ್ಧಿಯ ಹತ್ತಿರ 11,000. ಎಮಾ ಆಗ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕಿಯಾಗಿದ್ದರು. ಸುಳಿವಿನ ಪಠ್ಯವನ್ನು ನೋಡಿಯೇ ಅದು ಎಷ್ಟು ಕಷ್ಟವೆಂದು ಊಹಿಸಬಹುದೇ ಎಂಬ ವಿಷಯದ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆದವರು. ಜೇಮ್ಸ್ ಎದುರಿಗೆ ಇಂಥವರೇ ಬಂದು ನಿಲ್ಲಬೇಕಿತ್ತೇ ಎಂದು ನನಗೆ ಈಗಲೂ ನಗು ಬರುತ್ತದೆ.

ಎಮಾ ಏನು ಮಾಡುತ್ತಾರೆಂದು ಜೇಮ್ಸ್‌ಗೆ ಗೊತ್ತಿತ್ತು, ಏಕೆಂದರೆ ಮುಂದಿರುವವರು ಬಹುಮಟ್ಟಿಗೆ ಮಾಡುವುದು ಅದನ್ನೇ. ಜೇಮ್ಸ್ ಇದ್ದುದನ್ನೆಲ್ಲ ಇಟ್ಟು ಸರಿ ಹೇಳಿದರೆ 46,800 ಆಗುತ್ತದೆ. ಅದಕ್ಕಿಂತ ಒಂದು ಡಾಲರ್ ಹೆಚ್ಚಾಗುವಂತೆ ಎಮಾ 20,201 ಇಡುತ್ತಾರೆ. ಇಟ್ಟರು ಕೂಡ. ಇಲ್ಲಿಂದ ಎರಡೇ ದಾರಿ. ಎಮಾ ಸರಿ ಹೇಳಿದರೆ ಜೇಮ್ಸ್ ಎಷ್ಟೇ ಇಟ್ಟಿರಲಿ ಸೋಲು ಖಚಿತ. ಎಮಾ ತಪ್ಪಿದರೆ ಅವರು 6,399ಕ್ಕೆ ಇಳಿಯುತ್ತಾರೆ, ಆಗ ಜೇಮ್ಸ್‌ಗೆ ಉಳಿಯುವ ಎದುರಾಳಿ ಮೂರನೆಯವರು ಮಾತ್ರ. ಅವರು ಎಲ್ಲವನ್ನೂ ಇಟ್ಟು ಗೆದ್ದರೂ ಏರುವುದು 22,000ಕ್ಕೆ. 23,400ರಿಂದ 1,399 ಕಳೆಯಿರಿ: 22,001. ಎಂದರೆ ಜೇಮ್ಸ್ ಉತ್ತರ ತಪ್ಪಾಗಿದ್ದರೂ, ಎಮಾ ತಪ್ಪಿದ್ದರೆ, ಆಟ ಜೇಮ್ಸ್‌ದೇ ಆಗುತ್ತಿತ್ತು. ಎಲ್ಲವನ್ನೂ ಪಣಕ್ಕಿಟ್ಟಿದ್ದರೆ ಎಮಾ ತಪ್ಪಬೇಕು, ತಾನೂ ಸರಿ ಹೇಳಬೇಕು ಎಂದು ಎರಡೆರಡು ಷರತ್ತು ಬೀಳುತ್ತಿತ್ತು. ಬಾಜಿಯಲ್ಲೇ ಅನ್ನ ಕಂಡವರು ಯಾವುದನ್ನು ಆರಿಸುತ್ತಾರೆ, ನೀವೇ ಹೇಳಿ.

ಇದರಲ್ಲೂ ಒಂದು ಬಿರುಕು ಇದೆ, ಮುಚ್ಚಿಡುವುದಿಲ್ಲ. ಎಮಾ ಧೈರ್ಯ ಸಾಲದೆ ತೀರಾ ಕಡಿಮೆ ಇಟ್ಟಿದ್ದರೆ ಜೇಮ್ಸ್ ದೊಡ್ಡ ಪಣದಿಂದ ಅವರನ್ನು ದಾಟಬಹುದಿತ್ತು. ಆದರೆ ಎದುರಾಳಿ ಲೆಕ್ಕ ತಪ್ಪುತ್ತಾರೆಂದು ನಂಬಿ ಆಡುವುದಕ್ಕಿಂತ ಉತ್ತರ ತಪ್ಪುತ್ತಾರೆಂದು ಆಶಿಸಿ ಆಡುವುದು ಮೇಲು.

ಅಂದಿನ ವಿಷಯ ಶೇಕ್ಸ್‌ಪಿಯರ್‌ನ ಕಾಲ. ‘ಆಸ್ ಯು ಲೈಕ್ ಇಟ್’ ನಾಟಕದಲ್ಲಿ ಸಣ್ಣ ಕೋಣೆಯೊಂದರ ದೊಡ್ಡ ಲೆಕ್ಕದ ಬಗ್ಗೆ ಒಂದು ಸಾಲಿದೆ. ಅದು ಯಾವ ಲೇಖಕನ ಅಕಾಲ ಮರಣವನ್ನು ಸೂಚಿಸುತ್ತದೆ ಎನ್ನುತ್ತಾರೆ? ನಾಟಕವನ್ನು ಓದದವರೂ ಇದನ್ನು ಬಿಡಿಸಬಹುದು. ಆ ಕಾಲದಲ್ಲಿ ಅಕಾಲದಲ್ಲಿ ಸತ್ತ ಪ್ರಸಿದ್ಧ ಲೇಖಕ ಎಂದರೆ ಮೊದಲು ನೆನಪಾಗುವುದು ಕ್ರಿಸ್ಟೋಫರ್ ಮಾರ್ಲೋ. 1593ರಲ್ಲಿ ಡೆಪ್ಟ್‌ಫರ್ಡ್‌ನ ಮನೆಯೊಂದರಲ್ಲಿ ಊಟದ ಬಿಲ್ಲಿನ ಜಗಳದಲ್ಲಿ ಇರಿತಕ್ಕೆ ಸಿಕ್ಕವನು. ಮೂವರೂ ಸರಿ ಬರೆದರು. ಎಮಾ 46,801, ಜೇಮ್ಸ್ 24,799. ಅಷ್ಟಕ್ಕೂ ಜೇಮ್ಸ್ ಹಿಂದೆ ಬಿದ್ದದ್ದು ಕೊನೆಯ ಸುತ್ತಿನಲ್ಲಲ್ಲ. ಅವರಿಗೆ ಡೇಲಿ ಡಬಲ್ ಸಿಕ್ಕಿದ್ದು ಆಟದ ಮೊದಲ ಸುಳಿವಿನಲ್ಲೇ, ಕೈಯಲ್ಲಿ ಕಾಸಿಲ್ಲದಾಗ; ಹಾಗಾಗಿ ಆ ಸುತ್ತಿನ ಮಿತಿಯಾದ 1,000ಕ್ಕಿಂತ ಹೆಚ್ಚು ಇಡುವಂತಿರಲಿಲ್ಲ. ಎರಡನೆಯ ಸುತ್ತಿನ ಎರಡೂ ಡೇಲಿ ಡಬಲ್ ಎಮಾ ಪಾಲಾದವು.

ಕೆನ್ ಜೆನ್ನಿಂಗ್ಸ್ ಸೋಲಿನದ್ದೂ ಇದೇ ಕಥೆ, ತಿರುವು ಮಾತ್ರ ಬೇರೆ. 2004ರಲ್ಲಿ 74 ಆಟ ಗೆದ್ದ ಮೇಲೆ ನ್ಯಾನ್ಸಿ ಜರ್ಗ್ ಎದುರು ಎರಡು ಡೇಲಿ ಡಬಲ್ ತಪ್ಪಿ 10,200 ಡಾಲರ್ ಕಳೆದುಕೊಂಡರು. ಅದು ಉಳಿದಿದ್ದರೆ ಕೊನೆಯ ಸುತ್ತಿಗೆ ಮೊದಲೇ ನ್ಯಾನ್ಸಿಯ ಎರಡರಷ್ಟನ್ನು ದಾಟಿ, ನ್ಯಾನ್ಸಿ ಎಲ್ಲವನ್ನೂ ಇಟ್ಟು ಗೆದ್ದರೂ ಕೈಗೆ ಸಿಗದಷ್ಟು ಮುಂದಿರುತ್ತಿದ್ದರು. ಉಳಿದದ್ದು 14,400, ನ್ಯಾನ್ಸಿಯ ಹತ್ತಿರ 10,000. ಸುಳಿವು: ಈ ಸಂಸ್ಥೆಯ 70,000 ಹಂಗಾಮಿ ಕಚೇರಿ ನೌಕರರಲ್ಲಿ ಹೆಚ್ಚಿನವರು ವರ್ಷಕ್ಕೆ ನಾಲ್ಕೇ ತಿಂಗಳು ದುಡಿಯುತ್ತಾರೆ. ಕೆನ್ ಕ್ರಿಸ್‌ಮಸ್ ಪಾರ್ಸೆಲ್‌ಗಳನ್ನು ನೆನೆದು ಫೆಡೆಕ್ಸ್ ಎಂದರು. ಆದರೆ ‘ಕಚೇರಿ ನೌಕರರು’ ಎಂಬ ಮಾತು ಪಾರ್ಸೆಲ್ ಹೊರುವವರಿಗೆ ಹೊಂದುವುದಿಲ್ಲ, ನಾಲ್ಕು ತಿಂಗಳು ಎಂದರೆ ಜನವರಿಯಿಂದ ಏಪ್ರಿಲ್. ಅಮೆರಿಕದಲ್ಲಿ ಆದಾಯ ತೆರಿಗೆ ಸಲ್ಲಿಸಿ ಬೆವರಿಳಿಸಿದವರಿಗೆಲ್ಲ, ತೆರಿಗೆ ಲೆಕ್ಕ ಬರೆದುಕೊಡುವ ಎಚ್ ಆಂಡ್ ಆರ್ ಬ್ಲಾಕ್ ಎಂದು ಹೊಳೆಯುತ್ತದೆ. ಕೆನ್ ತಾನು ಇಟ್ಟ 5,601 ಕಳೆದುಕೊಂಡು 8,799ಕ್ಕೆ ಬಂದರು.

ತಮಾಷೆ ಎಂದರೆ ನ್ಯಾನ್ಸಿ ಇಟ್ಟ 4,401 ಅಷ್ಟೇನೂ ಒಳ್ಳೆಯ ಪಣವಲ್ಲ. ಕೆನ್ ತಪ್ಪಿದರೆ ಏನೂ ಇಡದೆ 10,000ದಲ್ಲೇ ನಿಂತಿದ್ದರೂ ಅವರನ್ನು ಮೀರಿಸಬಹುದಿತ್ತು. 4,401 ಇಟ್ಟು ತಾನೂ ತಪ್ಪಿದ್ದರೆ ನ್ಯಾನ್ಸಿ 5,599ಕ್ಕೆ ಬೀಳುತ್ತಿದ್ದರು, ಕೆನ್ ಮತ್ತೆ ಗೆಲ್ಲುತ್ತಿದ್ದರು. ನ್ಯಾನ್ಸಿಗೆ ಉತ್ತರ ಗೊತ್ತಿತ್ತು, ಲೆಕ್ಕದ ಸಡಿಲು ಯಾರ ಕಣ್ಣಿಗೂ ಬೀಳಲಿಲ್ಲ. ಜೇಮ್ಸ್‌ರ ಲೆಕ್ಕ ಬಿಗಿಯಾಗಿತ್ತು, ಆದರೂ ಸೋತರು, ಮೇಲಿಂದ ಅನುಮಾನ ಬೇರೆ.

‘ಕೆನ್ ದಾಖಲೆ ಮುರಿಯಬಾರದೆಂದು ಬಿಟ್ಟುಕೊಟ್ಟ’ ಎನ್ನುವವರೂ ಇದ್ದಾರೆ. ಕೆನ್ ಆ 74 ಆಟಗಳಲ್ಲಿ ಗೆದ್ದ ಒಟ್ಟು ಮೊತ್ತ 25,20,700 ಡಾಲರ್. ಆ ಬೆಳಿಗ್ಗೆ ಜೇಮ್ಸ್ ಲೆಕ್ಕದಲ್ಲಿದ್ದದ್ದು 24,62,216. ಕೊರತೆ 58,484. ಫೈನಲ್‌ನಲ್ಲಿ ಇದ್ದ 23,400 ಪೂರ್ತಿ ಇಟ್ಟು ಗೆದ್ದಿದ್ದರೂ ಅಂದು ಅದನ್ನು ತುಂಬಲು ಆಗುತ್ತಿರಲಿಲ್ಲ. ದಾಖಲೆ ಬೇಕಿದ್ದರೆ ಇನ್ನೊಂದು ಆಟಕ್ಕೆ ಬರಬೇಕಿತ್ತು, ಬರಬೇಕಿದ್ದರೆ ಅಂದು ಗೆಲ್ಲಬೇಕಿತ್ತು, ಅದಕ್ಕೆ ಹೆಚ್ಚು ಅವಕಾಶ ಕೊಡುತ್ತಿದ್ದದ್ದು ಆ 1,399.