ಕಳ್ಳ ಸಿಕ್ಕರೆ ಎಷ್ಟೊತ್ತು ಕೂರಿಸಬಹುದು?

ಹುಬ್ಬಳ್ಳಿಯಲ್ಲಿ ಸೆಕ್ಯೂರಿಟಿ ಗಾರ್ಡ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಗೋಕುಲ ರಸ್ತೆಯ ಅಂಗಡಿಯ ಹುಡುಗರಿರಲಿ, ಧಾರವಾಡದ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂರುವ ಹಿರಿಯರಿರಲಿ, ಎಲ್ಲರೂ ಕೇಳುವುದು ಒಂದೇ: "ಸರ್, ಕಳ್ಳ ಸಿಕ್ಕರ ಎಷ್ಟೊತ್ತು ಕುಂದರಿಸಬಹುದ್ರಿ?"

ಅದಕ್ಕೂ ಮೊದಲು, ಹಿಡಿಯುವ ಹಕ್ಕು ಇದೆಯಾ ಅಂತ ನೋಡಬೇಕು. ಯೂನಿಫಾರ್ಮ್ ಹಾಕಿದ್ದಕ್ಕೆ ಪೊಲೀಸರ ಅಧಿಕಾರ ಬರುವುದಿಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಲ್ಲಿ ಲೈಸೆನ್ಸ್, ತರಬೇತಿ, ಫೋಟೋ ಇರುವ ಗುರುತಿನ ಚೀಟಿ ಎಲ್ಲ ಇವೆ. ಬಂಧಿಸುವ ಅಧಿಕಾರ ಮಾತ್ರ ಇಲ್ಲ. ದಾರಿಯಲ್ಲಿ ಹೋಗುವವರಿಗೆ ಎಷ್ಟು ಹಕ್ಕಿದೆಯೋ ಗಾರ್ಡ್‌ಗೂ ಅಷ್ಟೇ.

ಆ ಹಕ್ಕು ಬರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂನಿಂದ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (CrPC) ಬದಲಿಗೆ ಬಂದ ಈ ಕಾನೂನು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅಪರಾಧ ನಿಮ್ಮ ಕಣ್ಣೆದುರೇ ನಡೆದಿರಬೇಕು. ಅದು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದ, ಜಾಮೀನುರಹಿತ ಅಪರಾಧವೂ ಆಗಿರಬೇಕು. ತಲೆಮರೆಸಿಕೊಂಡವನೆಂದು ಕೋರ್ಟು ಘೋಷಿಸಿದ ಅಪರಾಧಿ ಸಿಕ್ಕರೂ ಹಿಡಿಯಬಹುದು. "ಯಾರೋ ಹೇಳಿದ್ರು", "ನೋಡಿದ್ರ ಅನುಮಾನ ಬಂತು" ಅನ್ನುವುದು ನಡೆಯುವುದಿಲ್ಲ.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಸಾಮಾನ್ಯ ಕಳ್ಳತನದಲ್ಲಿ ಕಳುವಾದ ವಸ್ತು 5,000 ರೂಪಾಯಿಗಿಂತ ಕಡಿಮೆ ಬೆಲೆಯದ್ದಾದರೆ ಹೊಸ ಕಾನೂನಿನಲ್ಲಿ ಅದು ಜಾಮೀನು ಸಿಗುವ ಅಪರಾಧ. ಪೊಲೀಸರೂ ಸುಮ್ನೆ ಬಂದು ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ. ಅಂದಮೇಲೆ ಗಾರ್ಡ್ ಹೇಗೆ ಹಿಡಿಯುತ್ತಾನೆ? ಕಣ್ಣೆದುರೇ ಮಾಲು ಹೋಗುತ್ತಿದ್ದರೆ ತಡೆದು ವಾಪಸ್ ಪಡೆಯಬಹುದು. ಸ್ವತ್ತನ್ನು ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಅದಕ್ಕೆ ಬೇಕಾದಷ್ಟೇ ಬಲ, ಒಂದೇಟೂ ಹೆಚ್ಚಿಲ್ಲ. ಮಾಲು ಕೈಗೆ ಬಂದಮೇಲೆ ದೂರು ಕೊಡುವುದೊಂದೇ ದಾರಿ.

ಒಮ್ಮೆ ಒಂದು ಅಂಗಡಿಯಲ್ಲಿ ಸೆಂಟ್ ಬಾಟ್ಲಿ ಕದ್ದ ಕಾಲೇಜು ಹುಡುಗನನ್ನು ಹಿಂದಿನ ಗೋಡೌನಿನಲ್ಲಿ ಕೂಡಿಹಾಕಿದ್ದರು. ನಾನು ಹೋದಾಗ ಕೂಡಿಹಾಕಿ ಮೂರು ತಾಸು ಆಗಿತ್ತು. ಅಕ್ಕಿ ಚೀಲದ ಮೇಲೆ ಮುದುಡಿ ಕೂತಿದ್ದ. ಫೋನ್ ಕಸಿದುಕೊಂಡಿದ್ದರು. ಮುಂದೆ ಒಂದು ಹಾಳೆ, "ತಪ್ಪಾಯ್ತು ಅಂತ ಬರಿ" ಅಂತ ಒತ್ತಾಯ. ಬಾಟ್ಲಿ ಆಗಲೇ ವಾಪಸ್ ರ್‍ಯಾಕಿಗೆ ಹೋಗಿತ್ತು! ಹುಡುಗನ ಕೈ ನಡುಗುತ್ತಿದ್ದದ್ದು ನನಗೆ ಇನ್ನೂ ಮರೆತಿಲ್ಲ. ಬಾಗಿಲು ತೆಗೆಸಿ, ನೀರು ಕೊಟ್ಟು, ಅವನ ಅಪ್ಪನಿಗೆ ಫೋನ್ ಮಾಡಿಸಿದೆ.

ಆ ಗಾರ್ಡ್‌ಗೆ ಆಮೇಲೆ ಹೇಳಿದೆ: "ತಮ್ಮಾ, ಅವ ಕದ್ದಿದ್ದು ಸಣ್ಣ ಕೇಸು. ನೀ ಮಾಡಿದ್ದು ದೊಡ್ಡದು." ಅಕ್ರಮವಾಗಿ ಕೂಡಿಹಾಕಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಹೊಡೆದಿದ್ದರೆ ಅದಕ್ಕೆ ಬೇರೆ ಕೇಸು. "ಮ್ಯಾನೇಜರ್ ಹೇಳಿದ್ರು" ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎಂಟ್ಹತ್ತು ಸಾವಿರ ಪಗಾರಕ್ಕೆ ರಾತ್ರಿಯೆಲ್ಲ ನಿಲ್ಲುವ ಹುಡುಗನ ಮೇಲೆ ಕೇಸು ಬಿದ್ದರೆ ಮನೆಯೇ ಮುಳುಗುತ್ತದೆ, ಅಲ್ವಾ?

ಝಡತಿ, ಅಂದರೆ ತಪಾಸಣೆಯೂ ಹಾಗೇ. ಚೀಲ ತೋರಿಸಿ ಅಂತ ಕೇಳಬಹುದು. ಬೇಡ ಅಂದರೆ ಮೈಮೇಲೆ ಕೈ ಹಾಕುವಂತಿಲ್ಲ.

ನಿಜವಾಗಿ ಹಿಡಿಯಬಹುದಾದ ಕೇಸು ಇದ್ದರೆ? ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು, ಹೆಚ್ಚೆಂದರೆ 6 ಗಂಟೆಯೊಳಗೆ. ಹಳೆಯ ಕಾನೂನಿನಲ್ಲಿ ಈ ಗಂಟೆಗಳ ಲೆಕ್ಕ ಇರಲಿಲ್ಲ. ಆರು ಗಂಟೆ ಇಟ್ಟುಕೊಳ್ಳಿ ಅಂತ ಇದರ ಅರ್ಥ ಅಲ್ಲ. ಠಾಣೆ ಹತ್ತು ನಿಮಿಷದ ದಾರಿಯಲ್ಲಿದ್ದಾಗ ಎರಡು ಗಂಟೆ ಕೂರಿಸಿದರೂ ಉತ್ತರ ಕೊಡಬೇಕಾಗುತ್ತದೆ.

ಈಗ ನನ್ನ ಹುಡುಗರ ರಿಜಿಸ್ಟರಿನಲ್ಲಿ ಮೂರು ಮನೆ ಎಳೆಸಿದ್ದೇನೆ: ಹಿಡಿದ ಹೊತ್ತು, 112ಕ್ಕೆ ಫೋನ್ ಮಾಡಿದ ಹೊತ್ತು, ಒಪ್ಪಿಸಿದ ಹೊತ್ತು.