ಆಗಸ್ಟ್‌ಗೆ ಎಷ್ಟು ಹುಡುಗರು ಉಳಿದಿರುತ್ತಾರೆ?

ಐರ್ಲೆಂಡಿನಲ್ಲಿ ಹರ್ಲಿಂಗ್ (ತಂಡಕ್ಕೆ ಹದಿನೈದು ಜನರ ಕೋಲು-ಚೆಂಡಿನ ಆಟ) ಆಡುವ ಯಾವ ಊರಿಗೆ ಹೋದರೂ ಜನವರಿಯಿಂದಲೇ ಒಂದು ಮಾತು ಶುರುವಾಗುತ್ತದೆ: ಈ ಸಲ ಕೌಂಟಿಯ, ಅಂದರೆ ಜಿಲ್ಲೆಯ, ಕ್ಲಬ್‌ಗಳ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಕ್ಲಬ್ ಎಲ್ಲಿವರೆಗೆ ಹೋದೀತು? ಜನ ಕೂಡಲೇ ಕೌಂಟಿ ತಂಡದಲ್ಲಿ ಆಡುವ ಇಬ್ಬರು ಮೂವರ ಹೆಸರು ಹೇಳುತ್ತಾರೆ. ನಾನು ನೋಡುವುದು ಅವರನ್ನಲ್ಲ. ಆಗಸ್ಟ್ ಮೊದಲ ವಾರ, ಮಂಗಳವಾರ ಸಂಜೆಯ ಅಭ್ಯಾಸಕ್ಕೆ ಎಷ್ಟು ಜನ ಹೆಲ್ಮೆಟ್ ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಾರೆ, ಅದನ್ನು ಎಣಿಸಿ.

ಯಾಕೆಂದರೆ ಈಗಿನ ಪಂದ್ಯಗಳ ಹಣೆಬರಹ ಪಕ್‌ಔಟ್‌ನಲ್ಲಿದೆ. ಎದುರಾಳಿ ಹೊಡೆದ ಚೆಂಡು ನಮ್ಮ ಗೋಲಿನ ಕಡೆಯ ಗೆರೆ ದಾಟಿ ಹೊರಗೆ ಹೋದಾಗಲೆಲ್ಲ, ಎದುರಾಳಿ ಅಂಕ ಗಳಿಸಿದಾಗಲೆಲ್ಲ ನಮ್ಮ ಗೋಲ್‌ಕೀಪರ್ ಚೆಂಡು ಹೊಡೆದು ಆಟ ಶುರುಮಾಡುತ್ತಾನೆ. ಇದನ್ನು ಪಂದ್ಯದ ಒತ್ತಡದಲ್ಲಿ ಅಭ್ಯಾಸ ಮಾಡಲು ಕೀಪರ್, ಆರು ಬ್ಯಾಕ್, ಇಬ್ಬರು ಮಿಡ್‌ಫೀಲ್ಡರ್ ಸೇರಿ 9 ಜನ ಬೇಕು. ಅವರ ಮೇಲೆ ಮುಗಿಬೀಳಲು ಎದುರು ಬಣದ ಆರು ಫಾರ್ವರ್ಡ್, ಇಬ್ಬರು ಮಿಡ್‌ಫೀಲ್ಡರ್, ಅಂದರೆ 8. ಉದ್ದದ ಹೊಡೆತಕ್ಕೆ ಕಾಯುವ ನಮ್ಮ ಮೂವರು ಹಾಫ್ ಫಾರ್ವರ್ಡ್‌ಗಳು ಮತ್ತು ಅವರನ್ನು ತಡೆಯುವ ಮೂವರು, ಇನ್ನೂ 6. ಒಟ್ಟು 23. ಅಭ್ಯಾಸಕ್ಕೆ 18 ಜನ ಬಂದರೆ ಈ ಕೆಲಸ ಆಗುವುದೇ ಇಲ್ಲ. ಆಗ ಕೋಚ್ ಓಟ ಓಡಿಸುತ್ತಾನೆ, ಕೋನ್ ಇಟ್ಟು ಪಾಸ್ ಮಾಡಿಸುತ್ತಾನೆ. ಸೆಪ್ಟೆಂಬರ್‌ನಲ್ಲಿ ಒದ್ದೆ ಮೈದಾನದಲ್ಲಿ, ನೆಂದು ಭಾರವಾದ ಸ್ಲಿಟರ್ (ಹರ್ಲಿಂಗ್ ಚೆಂಡು) ಹೋಗಬೇಕಾದಷ್ಟು ದೂರ ಹೋಗದಿದ್ದಾಗ, ಹತ್ತಿರದ ಪಾಸ್ ಯಾರಿಗೆ ಕೊಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಜನ ಎಲ್ಲಿ ಹೋದರು? ಲೆಕ್ಕ ಹಾಕಿ ನೋಡೋಣ. 18ರಿಂದ 33ರವರೆಗೆ ಹದಿನಾರು ಹುಟ್ಟುವರ್ಷಗಳು. ಪ್ರತಿ ವರ್ಷದ ಹುಡುಗರಲ್ಲಿ ಇಬ್ಬರೇ ಆಟದಲ್ಲಿ ಉಳಿದರೆ 32 ಜನ, ಅಂದರೆ ಒಂದು ತಂಡ ಮತ್ತು ಬೆಂಚು. ಮೂವರು ಉಳಿದರೆ 48, ಎರಡು ತಂಡ. ಎರಡನೇ ತಂಡ ಇರುವ ಕ್ಲಬ್ಬಿಗೂ ಇಲ್ಲದ ಕ್ಲಬ್ಬಿಗೂ ಇರುವ ವ್ಯತ್ಯಾಸ ವರ್ಷಕ್ಕೆ ಒಬ್ಬ ಹುಡುಗ. ಕ್ಲಬ್ಬಿನ ಗೋಡೆಗೆ ಈ ಪಟ್ಟಿಯನ್ನು ಹುಟ್ಟುವರ್ಷದ ಪ್ರಕಾರ ಬರೆದು ಅಂಟಿಸಿ. ಖಾಲಿ ಬಿದ್ದ ಸಾಲು ಎಲ್ಲಿದೆಯೋ ಅಲ್ಲಿಂದ ಏಳೆಂಟು ವರ್ಷಕ್ಕೆ ನಿಮ್ಮ ತಂಡಕ್ಕೆ ಕಷ್ಟಕಾಲ.

ಆ ಒಬ್ಬ ಹುಡುಗ ಹೆಚ್ಚಾಗಿ ಕಳೆದುಹೋಗುವುದು 17ರಿಂದ 20ರ ನಡುವೆ. ಕಿರಿಯರ ತಂಡದಲ್ಲಿ ಪ್ರತಿ ಪಂದ್ಯ ಆಡಿದವನು ಹಿರಿಯರ ತಂಡದಲ್ಲಿ 27ನೇ ನಂಬರಿನ ಜೆರ್ಸಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಪಂದ್ಯಕ್ಕೆ ಐದೇ ಬದಲಿ ಆಟಗಾರರು. ಇಡೀ ಋತುವಿನಲ್ಲಿ ಅವನಿಗೆ ಸಿಕ್ಕುವುದು ಹತ್ತು ನಿಮಿಷ. ಮುಂದಿನ ವರ್ಷ ಅವನು ಬರುವುದಿಲ್ಲ. ಬರುವುದಿಲ್ಲ ಅಂತ ಹೇಳುವುದೂ ಇಲ್ಲ. ಇದಕ್ಕೆ ಮದ್ದು ಎರಡನೇ ತಂಡವೇ, ಜೂನಿಯರ್ ಬಿ ಎಂಬ ಕೆಳಗಿನ ದರ್ಜೆಯದಾದರೂ ಸರಿ (ಇಲ್ಲಿ ಜೂನಿಯರ್ ಅನ್ನುವುದು ವಯಸ್ಸಲ್ಲ). ಆದರೆ ಮೊದಲ ತಂಡದಲ್ಲಿ ಆಡಿದವನು ಕೆಳಗಿನ ತಂಡಕ್ಕೆ ಇಳಿಯಬಹುದೇ ಅನ್ನುವುದು ಆಯಾ ಕೌಂಟಿಯ ಬೈಲಾಗಳಿಗೆ ಬಿಟ್ಟದ್ದು. ಗೆಲುವು ಖಚಿತವಾದ ಪಂದ್ಯದ ಕೊನೆಯಲ್ಲಿ ಪ್ರೀತಿಯಿಂದ ಕೊಟ್ಟ ಐದು ನಿಮಿಷ ಅವನ ಇಡೀ ವರ್ಷವನ್ನು ನುಂಗಿಬಿಡಬಹುದು. ಮ್ಯಾನೇಜರ್ ಆದವರು ಮೊದಲ ಸುತ್ತಿಗೆ ಮುಂಚೆಯೇ ಆ ನಿಯಮ ಓದಿಕೊಂಡಿರಬೇಕು.

ಇನ್ನು ಬೇಸಿಗೆ. 2022ರಿಂದ ಕೌಂಟಿ ತಂಡಗಳ ಋತು ಜುಲೈನಲ್ಲೇ ಮುಗಿಯುತ್ತದೆ. ಆಮೇಲಿನದೆಲ್ಲ ಕ್ಲಬ್ಬಿನ ಕಾಲ. ಇದೊಂದು ಒಳ್ಳೆಯ ಬದಲಾವಣೆ, ಅದರಲ್ಲಿ ನನಗೆ ಅನುಮಾನವಿಲ್ಲ. ಹಿಂದೆ ಏಪ್ರಿಲ್‌ನಲ್ಲಿ ಒಂದೆರಡು ಪಂದ್ಯ ಆಡಿ, ಕೌಂಟಿ ತಂಡ ಸೋಲುವವರೆಗೆ ಕಾಯುತ್ತಾ ಕೂರಬೇಕಿತ್ತು. ಈಗ ಯಾವ ವಾರ ಪಂದ್ಯ ಅನ್ನುವುದು ಮೊದಲೇ ಗೊತ್ತಿರುತ್ತದೆ. ತೊಂದರೆ ಏನೆಂದರೆ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗಿ ದುಡಿಯಲು ಕೊಡುವ ಜೆ1 ವೀಸಾ ನಾಲ್ಕು ತಿಂಗಳವರೆಗೆ ಸಿಗುತ್ತದೆ. ಮೇ ಕೊನೆಗೆ ಬಾಸ್ಟನ್‌ಗೋ ಷಿಕಾಗೋಗೋ ಹೊರಟ ವಿದ್ಯಾರ್ಥಿ ಸೆಪ್ಟೆಂಬರ್‌ವರೆಗೂ ಅಲ್ಲೇ ಇರಬಹುದು. ಅಷ್ಟರಲ್ಲಿ ಗುಂಪಿನ ಪಂದ್ಯಗಳು ಮುಗಿದಿರುತ್ತವೆ. ಹೋಗಬೇಡ ಅನ್ನುವುದು ತಪ್ಪು. ಆ ವಯಸ್ಸಿನಲ್ಲಿ ಹೋಗಬೇಕು. ಆದರೆ ಟಿಕೆಟ್ ಕಾಯ್ದಿರಿಸುವ ಮೊದಲೇ, ಅಂದರೆ ಜನವರಿಯಲ್ಲಿ, ಪಂದ್ಯಗಳ ದಿನಾಂಕ ಅವನ ಕೈಯಲ್ಲಿರಲಿ. ಎಷ್ಟೋ ಹುಡುಗರು ಆಗ ವಾಪಸಿನ ಟಿಕೆಟ್ಟನ್ನು ತಾವೇ ಬೇಗನೆಯ ದಿನಕ್ಕೆ ಬದಲಿಸಿಕೊಳ್ಳುತ್ತಾರೆ.

ಡಬ್ಲಿನ್‌ನಲ್ಲಿ ಕೆಲಸ ಮಾಡುವವರ ವಿಷಯ ಇನ್ನೂ ನಾಜೂಕು. ಟಿಪ್ಪರರಿ ಕೌಂಟಿಯ ಥರ್ಲ್ಸ್ ಕಡೆಯ ಹುಡುಗ ಸಂಜೆ ಐದಕ್ಕೆ ಕೆಲಸ ಬಿಟ್ಟು, ಟ್ರಾಫಿಕ್ ದಾಟಿ, ಸುಮಾರು 150 ಕಿ.ಮೀ. ಕಾರು ಓಡಿಸಿ ಅಭ್ಯಾಸಕ್ಕೆ ಬಂದು ಮರಳಿದರೆ ಮಲಗುವಾಗ ಮಧ್ಯರಾತ್ರಿ. ವಾರಕ್ಕೆ ಎರಡು ಸಲ ಇದನ್ನು ಮಾಡಿದರೆ ಮೊದಲು ಹಿಡಿದುಕೊಳ್ಳುವುದು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು. ಮೂರು ಗಂಟೆ ಕೂತು ಮರಗಟ್ಟಿದ ಕಾಲಿನಿಂದ ನೇರ ವೇಗದ ಓಟಕ್ಕೆ ಇಳಿಯುವುದರಿಂದ. ಆಮೇಲೆ ಮನಸ್ಸು ಸೋಲುತ್ತದೆ, ಮನೆಯ ಹತ್ತಿರದ ಕ್ಲಬ್ಬಿಗೆ ವರ್ಗಾವಣೆ ಕೇಳುತ್ತಾನೆ. ಇಂಥವರು ಆರು ಜನ ಇದ್ದರೆ ಮಂಗಳವಾರದ ಅಭ್ಯಾಸವನ್ನು ಅವರಿಗೆ ಡಬ್ಲಿನ್‌ನಲ್ಲೇ ಇಡಿ. ಬಾಡಿಗೆಗೆ ಅರ್ಧ ಮೈದಾನ, ಒಬ್ಬ ಕೋಚ್, ಇಪ್ಪತ್ತು ಚೆಂಡು ಸಾಕು. ಶುಕ್ರವಾರ ಹೇಗೂ ಊರಿಗೆ ಬರುವವರೇ. ಇಬ್ಬರೇ ಇದ್ದರೆ ಪೆಟ್ರೋಲ್ ಖರ್ಚು ಕೊಡಿ, ಶುಕ್ರವಾರ ಒಂದಕ್ಕೇ ಕರೆಯಿರಿ.

ಸಣ್ಣ ಊರಿನಿಂದ ಇದೆಲ್ಲ ಆಗದು ಅನ್ನುವವರು ಟಿಪ್ಪರರಿಯ ಲಾಕ್‌ಮೋರ್-ಕ್ಯಾಸಲೈನಿ ಕ್ಲಬ್ಬಿನ ಕಡೆ ನೋಡಬೇಕು. 2013ರಲ್ಲೂ 2021ರಲ್ಲೂ ಹೆಚ್ಚುಕಡಿಮೆ ಅದೇ ಹುಡುಗರು ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಎರಡರಲ್ಲೂ ಕೌಂಟಿ ಸೀನಿಯರ್ ಪಟ್ಟ ಗೆದ್ದರು. 1972ರಲ್ಲಿ ಹುಟ್ಟಿದ ಕಿಲ್ಕೆನಿ ಕೌಂಟಿಯ ಬ್ಯಾಲಿಹೇಲ್ ಷ್ಯಾಮ್‌ರಾಕ್ಸ್ 2023ರ ಹೊತ್ತಿಗೆ ಒಂಬತ್ತು ಸಲ ಅಖಿಲ ಐರ್ಲೆಂಡ್ ಕ್ಲಬ್ ಚಾಂಪಿಯನ್. ಈ ಎರಡೂ ಹಳ್ಳಿಯ ಕ್ಲಬ್‌ಗಳೇ.

ಚಿಕ್ಕ ಮಕ್ಕಳ ಕಡೆ ಒಂದೇ ಮಾತು: ಅಣ್ಣನ ಹರ್ಲಿಯನ್ನು (ಆಟದ ಕೋಲನ್ನು) ತಮ್ಮನ ಕೈಗೆ ಕೊಡಬೇಡಿ. ಕೈ ಇಳಿಬಿಟ್ಟು ನಿಂತ ಮಗುವಿನ ಕಾಲ ಪಕ್ಕ ನಿಲ್ಲಿಸಿದರೆ ಹಿಡಿಯ ತುದಿ ಮಣಿಕಟ್ಟಿಗೆ ಬರಬೇಕು. ಉದ್ದವಾದರೆ ಚೆಂಡು ಎತ್ತಲು ಬಾಗುವಾಗ ಹಿಡಿ ಹೊಟ್ಟೆಗೆ ಚುಚ್ಚುತ್ತದೆ, ಬೀಸು ನಿಧಾನವಾಗುತ್ತದೆ, ಪ್ರತಿ ಸಲವೂ ಎದುರಿನವನು ತಡೆದುಬಿಡುತ್ತಾನೆ. ಮಗು ತನಗೆ ಆಟ ಬರುವುದಿಲ್ಲ ಅಂದುಕೊಳ್ಳುತ್ತದೆ.

ಮದುವೆಯಾಗಿ ಊರಲ್ಲೇ ಮನೆ ಕಟ್ಟಬೇಕೆನ್ನುವವನಿಗೂ ಕ್ಲಬ್ ಒಂದು ಕೆಲಸ ಮಾಡಿಕೊಡಬಹುದು. ಹಳ್ಳಿಗಾಡಿನಲ್ಲಿ ಒಂಟಿ ಮನೆಗೆ ಅನುಮತಿ ಕೇಳಿದರೆ ಎಷ್ಟೋ ಕಡೆ ಕೌನ್ಸಿಲ್ ಆ ಊರಿನ ನಂಟಿಗೆ ಪುರಾವೆ ಕೇಳುತ್ತದೆ. ಕ್ಲಬ್ಬಿನ ಪತ್ರವೂ ಅಂಥ ಪುರಾವೆಗಳಲ್ಲಿ ಒಂದು. ಏಳನೇ ವಯಸ್ಸಿನಿಂದ ಯಾವ ಯಾವ ವರ್ಷ ಸದಸ್ಯ, ಯಾವ ತಂಡಕ್ಕೆ ಆಡಿದ, ಯಾರಿಗೆ ಕೋಚಿಂಗ್ ಮಾಡಿದ, ಎಲ್ಲ ವರ್ಷ ಸಮೇತ ಇರಲಿ. ಕಾರ್ಯದರ್ಶಿಯವರು ಹಳೆಯ ಸದಸ್ಯತ್ವ ಪುಸ್ತಕಗಳನ್ನು ಈಗಲೇ ಕಂಪ್ಯೂಟರಿಗೆ ಏರಿಸಿಟ್ಟರೆ, ಕೇಳಿದ ವಾರದಲ್ಲೇ ಆ ಪತ್ರ ಅವನ ಕೈಗೆ ಸಿಗುತ್ತದೆ.